ಇಟಲಿಯ ಕಾಸ್ತೆಲ್ಲೂಚೊ: ಹೂವಿನ ಬಯಲು ನೋಡೋಕೆ ಹೋಗಬಹುದಾ? ಊರು ಇದೆಯಾ, ಇಲ್ವಾ?

ತುಂಗಾತೀರ:
ಜೂನ್ ಕೊನೆಯಲ್ಲಿ ಕೆಲಸದ ಮೇಲೆ ರೋಮ್‌ಗೆ ಹೋಗುವುದಿದೆ. ಜೊತೆಗೆ ಎರಡು ದಿನ ರಜೆ ಹಾಕಬಹುದು. ಉಂಬ್ರಿಯಾ ಪ್ರಾಂತ್ಯದ ಬೆಟ್ಟದ ಮೇಲೆ ಕಾಸ್ತೆಲ್ಲೂಚೊ ಅಂತ ಒಂದು ಪುಟ್ಟ ಊರು, ಅದರ ಕೆಳಗೆ ಕೆಂಪು, ನೀಲಿ, ಹಳದಿ ಪಟ್ಟೆ ಪಟ್ಟೆ ಹೂವಿನ ಬಯಲು. ಫೋಟೊ ನೀವೂ ನೋಡಿರುತ್ತೀರಿ. ಹುಡುಕಿದರೆ ಅರ್ಧ ಜನ "ಸ್ವರ್ಗ" ಅನ್ನುತ್ತಾರೆ, ಇನ್ನರ್ಧ ಜನ "ಭೂಕಂಪದಲ್ಲಿ ಊರೇ ಹೋಯಿತು, ಅಲ್ಲೇನಿದೆ" ಅನ್ನುತ್ತಾರೆ. ಯಾರಾದರೂ ಹೋಗಿದ್ದೀರಾ? ಕಾರಿಲ್ಲದೆ ಆಗುತ್ತಾ? ರಾತ್ರಿ ಉಳಿಯೋಕೆ ಜಾಗ ಸಿಗುತ್ತಾ? ಮತ್ತೆ ನಾನು ಸಸ್ಯಾಹಾರಿ.

ಉಂಬ್ರಿಯಾವಾಸಿ:
ನಾನಿರುವುದು ಪೆರೂಜಾದಲ್ಲಿ. ಹೂವಿನ ಕಾಲದಲ್ಲೂ ಹೋಗಿದ್ದೇನೆ, ಹಿಮದ ಕಾಲದಲ್ಲೂ ಹೋಗಿದ್ದೇನೆ. ನಿಮಗೆ ಸಿಕ್ಕ ಎರಡೂ ಉತ್ತರ ನಿಜ. ಊರು ಬಿದ್ದಿದೆ, ಬಯಲು ಇದೆ.

ಮೊದಲು ಜಾಗ ಹೇಗಿದೆ ಅಂತ ಹೇಳುತ್ತೇನೆ. ಊರು ಒಂದು ಗುಡ್ಡದ ನೆತ್ತಿಯ ಮೇಲಿದೆ, 1452 ಮೀಟರ್ ಎತ್ತರ. ಅಪೆನ್ನೈನ್ ಬೆಟ್ಟಸಾಲಿನಲ್ಲಿ ಇಷ್ಟು ಮೇಲೆ ಊರು ಕಟ್ಟಿಕೊಂಡವರು ಕಡಿಮೆ. ಆಡಳಿತಕ್ಕೆ ಇದು ನೋರ್ಚಾ ಪಟ್ಟಣಕ್ಕೆ ಸೇರಿದ ಹಳ್ಳಿ. ಕೆಳಗಿನ ದೊಡ್ಡ ಬಯಲಿಗೆ ಪಿಯಾನೊ ಗ್ರಾಂದೆ ಅನ್ನುತ್ತಾರೆ. ಸುತ್ತ ಬೆಟ್ಟ, ನೀರು ಹೊರಗೆ ಹರಿಯಲು ಹಳ್ಳವೇ ಇಲ್ಲ. ಬಹಳ ಹಿಂದೆ ಸರೋವರ ಆಗಿದ್ದ ಜಾಗ ಅದು. ಈಗ ಹಿಮ ಕರಗಿದ ನೀರೆಲ್ಲ ಬಯಲಿನ ಒಂದು ಕಡೆ ಮೆರ್ಗಾನಿ ಅನ್ನೋ ಬಿಲದೊಳಗೆ ಇಳಿದು, ಸುಣ್ಣಕಲ್ಲಿನ ಬೆಟ್ಟದ ಹೊಟ್ಟೆ ಸೇರುತ್ತದೆ. ಪೂರ್ವಕ್ಕೆ ವೆಟ್ಟೋರೆ ಶಿಖರ, 2476 ಮೀಟರ್. ಇದೆಲ್ಲ 1993ರಲ್ಲಿ ಶುರುವಾದ ಸಿಬಿಲ್ಲೀನಿ ರಾಷ್ಟ್ರೀಯ ಉದ್ಯಾನದ ಒಳಗೆ ಬರುತ್ತದೆ.

ಈಗ ಹೂವಿನ ವಿಷಯ. ಅದು ಹೂದೋಟ ಅಲ್ಲ, ಹೊಲ. ಹೂವನ್ನು ಯಾರೂ ಬಿತ್ತಿದ್ದಲ್ಲ. ಬಿತ್ತಿದ್ದು ಚನ್ನಂಗಿ ಕಾಳು, ನಮ್ಮ ಮಸೂರ್ ಬೇಳೆಯ ಜಾತಿಯದೇ. ಗಸಗಸೆಗೆ ನೆಂಟನಾದ ಕೆಂಪು ಪಾಪಿ, ನೀಲಿ ಕಾರ್ನ್‌ಫ್ಲವರ್, ಹಳದಿ ಕಾಡುಸಾಸಿವೆ ಇವೆಲ್ಲ ಆ ಹೊಲದ ಕಳೆ! ಕಳೆನಾಶಕ ಹೊಡೆದಿದ್ದರೆ ಫೋಟೊ ತೆಗೆಯೋಕೆ ಏನೂ ಇರುತ್ತಿರಲಿಲ್ಲ. ಪಟ್ಟೆ ಯಾಕೆ ಅಂದರೆ, ಈ ವರ್ಷ ಚನ್ನಂಗಿ ಹಾಕಿದ ಪಟ್ಟಿಗೆ ಮುಂದೆ ಗೋಧಿಯೋ ಬಾರ್ಲಿಯೋ ಹಾಕುತ್ತಾರೆ, ಆಮೇಲೆ ಮೇವಿಗೆ ಬಿಡುತ್ತಾರೆ. ಒಂದೊಂದು ಪಟ್ಟಿಯ ಕಳೆ ಬೇರೆ, ಅರಳುವ ದಿನವೂ ಬೇರೆ. ಹಾಗಾಗಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಬಣ್ಣ ಬದಲಾಗುತ್ತಾ ಹೋಗುತ್ತದೆ. ನಿಮ್ಮ ಜೂನ್ ಕೊನೆ ಒಳ್ಳೆಯ ಹೊತ್ತು. ಆದರೆ ಆ ವರ್ಷ ಹಿಮ ಎಷ್ಟು ದಿನ ನಿಂತಿತ್ತು ಅನ್ನುವುದರ ಮೇಲೆ ಹಿಂದೆಮುಂದೆ ಆಗುತ್ತದೆ.

ದಾರಿ: ರೋಮ್‌ನಿಂದ ಸ್ಪೊಲೇತೊಗೆ ರೈಲು, ಅಲ್ಲಿಂದ ನೋರ್ಚಾಕ್ಕೆ ಬಸ್ಸು. ನೋರ್ಚಾದಿಂದ ಮೇಲಕ್ಕೆ ಸುಮಾರು 30 ಕಿ.ಮೀ. ಆ ಕೊನೆಯ ತುಂಡಿಗೆ ಬಸ್ಸು ತುಂಬ ಕಡಿಮೆ, ವೇಳಾಪಟ್ಟಿ ನೋಡಿಕೊಂಡೇ ಹೊರಡಿ. ಉಳಿಯೋಕೆ ನೋರ್ಚಾವೇ ಸರಿ. ಶನಿವಾರ ಭಾನುವಾರ ಮಾತ್ರ ದಯವಿಟ್ಟು ಬೇಡ. ಈಚಿನ ವರ್ಷಗಳಲ್ಲಿ ಹೂವಿನ ಕಾಲದ ವಾರಾಂತ್ಯಕ್ಕೆ ಕಾರುಗಳನ್ನು ತಡೆದು, ದೂರದಲ್ಲಿ ನಿಲ್ಲಿಸಿ, ಶಟಲ್ ಬಸ್ಸಿನಲ್ಲಿ ಕಳಿಸುವ ವ್ಯವಸ್ಥೆ ಮಾಡುತ್ತಿದ್ದಾರೆ. ಅದಕ್ಕೆ ಮುಂಚೆ ಗುಡ್ಡದ ರಸ್ತೆ ತುಂಬ ಕಾರೇ ಇರುತ್ತಿದ್ದವು.

ಊಟ: ನೋರ್ಚಾ ಹಂದಿಮಾಂಸಕ್ಕೆ ಇಡೀ ದೇಶದಲ್ಲಿ ಹೆಸರಾದ ಊರು. ಚನ್ನಂಗಿ ಸೂಪ್ ಎಲ್ಲ ಕಡೆ ಸಿಗುತ್ತದೆ, ಆದರೆ ಅದರಲ್ಲಿ ಸಾಸೇಜ್ ತುಂಡು ಬಿದ್ದಿರುತ್ತದೆ. ಬೇಯಿಸುವಾಗಲೇ ಹಾಕಿದ್ದಾರಾ ಅಂತ ಕೇಳಿ. "ಮಾಂಸ ಇಲ್ಲ" ಅಂದರೆ ಕೆಲವರು ತಟ್ಟೆಯಿಂದ ಎತ್ತಿಟ್ಟು ಕೊಡುತ್ತಾರೆ, ಪಾಪ, ಅವರ ಪ್ರಕಾರ ಅದು ಸಸ್ಯಾಹಾರವೇ.

ಒಗ್ಗರಣೆಡಬ್ಬಿ:
ಆ ಕಾಳು ನಮ್ಮ ಮನೆಗೆ ಬಂದಿತ್ತು, ತಂಗಿ ತಂದುಕೊಟ್ಟಿದ್ದಳು. ಎಲ್ಲ ಕಾಳೂ ಒಂದೇ ಬಣ್ಣ ಅಲ್ಲ. ಕೈಯಲ್ಲಿ ಹರಡಿ ನೋಡಿದರೆ ಹಸಿರು, ಕಂದು, ಹುಲ್ಲಿನ ಬಣ್ಣ, ಚುಕ್ಕೆ ಇರುವುದು, ಎಲ್ಲ ಕಲೆತಿರುತ್ತದೆ. ಕಲಬೆರಕೆ ಅಂದುಕೊಳ್ಳಬೇಡಿ, ಅದರ ಗುಣವೇ ಹಾಗೆ. ನೆನೆಸುವ ಹಾಗಿಲ್ಲ. ಸಿಪ್ಪೆ ಅಷ್ಟು ತೆಳು. ತೊಳೆದು ಹಾಗೇ ಬೇಯಲು ಇಟ್ಟರೆ 20-30 ನಿಮಿಷ ಸಾಕು. ಕುಕ್ಕರ್‌ನಲ್ಲಿ ಕೂಗಿಸಲೂಬೇಡಿ.

ಸಾರು ಮಾಡಿದೆ, ಅಷ್ಟೇನೂ ಹೊಂದಲಿಲ್ಲ. ತೊಗರಿ ಹಾಗೆ ಕರಗಿ ಕೂಡಿಕೊಳ್ಳುವುದಿಲ್ಲ, ಕಾಳು ಕಾಳಾಗಿಯೇ ನಿಲ್ಲುತ್ತದೆ. ಉಸಲಿಗೆ ಮಾತ್ರ ಬಹಳ ಚೆನ್ನಾಗಿದೆ. ಸಾಸಿವೆ, ಒಣಮೆಣಸಿನಕಾಯಿ, ಇಂಗು, ಕೊನೆಗೆ ತೆಂಗಿನತುರಿ. ಅಲ್ಲಿಯವರು ಬೆಳ್ಳುಳ್ಳಿ, ಸೆಲರಿ ಹಾಕಿ ಬೇಯಿಸಿ, ಸುಟ್ಟ ಬ್ರೆಡ್ ಮೇಲೆ ಸುರಿದು, ಹಸಿ ಆಲಿವ್ ಎಣ್ಣೆ ಬಿಡುತ್ತಾರೆ. ಅದೂ ಮಾಡಿ ನೋಡಿದೆ, ಒಳ್ಳೆಯದೇ. ಇಟಲಿಯವರು ಹೊಸ ವರ್ಷದ ಹಿಂದಿನ ರಾತ್ರಿ ಈ ಕಾಳು ತಿನ್ನದೆ ಮಲಗುವುದಿಲ್ಲವಂತೆ, ತಿಂದಷ್ಟು ದುಡ್ಡು ಬರುತ್ತದೆ ಅಂತ ನಂಬಿಕೆ. ಕಿಲೋಗೆ 10 ಯೂರೋ ಮೇಲೇ ಕೊಟ್ಟು ಕೊಳ್ಳುವವರಿಗೆ ಆ ನಂಬಿಕೆ ಬೇಕೇ ಬೇಕು ಬಿಡಿ.

ಇನ್ನೊಂದು ವಿಷಯ. ಆ ಕಡೆ ಚಿಚೆರ್ಕಿಯಾ ಅಂತ ಒಂದು ಕಾಳನ್ನು ಹಳೇ ಕಾಲದ ವಿಶೇಷ ಅಂತ ಅಂದದ ಪೊಟ್ಟಣದಲ್ಲಿ ಮಾರುತ್ತಾರೆ. ಅದು ನಮ್ಮ ಕೇಸರಿ ಬೇಳೆಯ ಗಿಡವೇ. ಅದನ್ನೇ ಹೆಚ್ಚು ತಿಂದರೆ ಕಾಲು ಬೀಳುತ್ತದೆ ಅಂತ ಭಾರತದಲ್ಲಿ 1961ರಲ್ಲಿ ಮಾರಾಟ ನಿಷೇಧಿಸಿದ್ದು ಅದೇ.

ಹೊಲದಮನೆ:
ನಾನು ಗುಂಡ್ಲುಪೇಟೆ ಕಡೆಯವನು. ಸೂರ್ಯಕಾಂತಿ ಹೂ ಬಿಟ್ಟರೆ ನಮ್ಮಲ್ಲೂ ಇದೇ ಕಥೆ. ರಸ್ತೆ ಪಕ್ಕ ಕಾರು ನಿಲ್ಲಿಸಿ ಹೊಲಕ್ಕೆ ಇಳಿದುಬಿಡುತ್ತಾರೆ. ಈಗೀಗ ರೈತರು ಫೋಟೊಗೆ ದುಡ್ಡು ಕೇಳುತ್ತಾರೆ, ಕೊಡಲಿ ಬಿಡಿ, ತಪ್ಪೇನು? ಅಲ್ಲಿಯವರು ಕೇಳುವುದಿಲ್ವಾ? ಮತ್ತೆ ಅಷ್ಟು ಎತ್ತರದಲ್ಲಿ ಬಿತ್ತನೆ ಯಾವಾಗ, ಕಟಾವು ಯಾವಾಗ, ಆಳು ಸಿಗುತ್ತಾರಾ? ಅದನ್ನು ಹೇಳಿ ಸರ್.

ಉಂಬ್ರಿಯಾವಾಸಿ:
ಅಣ್ಣ, ಹೊಲಕ್ಕೆ ಇಳಿಯೋಕೆ ದುಡ್ಡು ಕೇಳುವುದನ್ನು ನಾನು ನೋಡಿಲ್ಲ. ಇಳಿಯಬೇಡಿ ಅಂತ ಬೋರ್ಡು ಹಾಕುತ್ತಾರೆ, ಅಷ್ಟೇ. ಚನ್ನಂಗಿ ಗಿಡ ಗೇಣುದ್ದ ಇರುತ್ತದೆ. ಒಂದಕ್ಕೊಂದು ಬಳ್ಳಿ ತೊಡರಿಕೊಂಡಿರುತ್ತದೆ. ಒಂದು ಹೆಜ್ಜೆ ಇಟ್ಟರೆ ಸುತ್ತಲಿನ ನಾಲ್ಕೈದು ಗಿಡ ಒಟ್ಟಿಗೆ ಮಲಗುತ್ತವೆ, ಮತ್ತೆ ಏಳುವುದಿಲ್ಲ. ಒಬ್ಬರು ಪಾಪಿ ಹೂವಿನ ಮಧ್ಯೆ ಕೂತು ಫೋಟೊ ತೆಗೆಸಿಕೊಂಡರೆ, ಆ ಜಾಡು ಹಿಡಿದು ಹಿಂದಿನವರೂ ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಲ್ಲೊಂದು ಕಾಲುದಾರಿ ಬಿದ್ದಿರುತ್ತದೆ. ಕಾಳು ಹೋಗುವುದು ರೈತನದು, ಬಯ್ಯುವಂತೆಯೂ ಇಲ್ಲ. ಯಾಕಂದರೆ ಅದೇ ಜನ ವಾಪಸ್ ಬರುವಾಗ ಅವನ ಗಾಡಿಯಲ್ಲಿ ಎರಡು ಪೊಟ್ಟಣ ಕೊಳ್ಳುತ್ತಾರೆ.

ಹಿಮ ಕರಗಿ ನೆಲ ಆರಿದ ಮೇಲೆ, ವಸಂತದಲ್ಲಿ ಬಿತ್ತನೆ. ಜುಲೈ ಕೊನೆಯಿಂದ ಆಗಸ್ಟ್‌ನಲ್ಲಿ ಕಟಾವು. ಹಿಂದೆ ಹೆಂಗಸರ ಗುಂಪುಗಳು ಸುತ್ತಲಿನ ಊರುಗಳಿಂದ ಬಂದು, ಬಗ್ಗಿ, ಬೇರುಸಮೇತ ಕೈಯಲ್ಲೇ ಕೀಳುತ್ತಿದ್ದರು. ಈಗ ಯಂತ್ರ. ಕಾಳಿಗೆ 1997ರಲ್ಲಿ ಯುರೋಪಿನ ಐ.ಜಿ.ಪಿ. ಮಾನ್ಯತೆ ಬಂತು, ನಮ್ಮ ಜಿ.ಐ. ಟ್ಯಾಗ್ ಥರದ್ದು.

ಜಮೀನು ಎಲ್ಲ ಖಾಸಗಿ ಅಲ್ಲ ಅನ್ನುವುದು ನಿಮಗೆ ಹಿಡಿಸಬಹುದು. ಊರಿನವರೆಲ್ಲ ಸೇರಿ ನಡೆಸುವ ಒಂದು ಕೂಟ ಇದೆ, ಕೊಮುನಾಂತ್ಸಾ ಅಗ್ರಾರಿಯಾ ಅನ್ನುತ್ತಾರೆ. ಹುಲ್ಲುಗಾವಲು ಅದರ ಕೈಯಲ್ಲಿದೆ. ಗೋಮಾಳವನ್ನು ಸರ್ಕಾರಕ್ಕೆ ಬಿಡದೆ ಊರೇ ಇಟ್ಟುಕೊಂಡ ಹಾಗೆ. ಈ ಹುಲ್ಲಿಗೆ ಹಿಂದೆ ಹೊಡೆದಾಟವೇ ಆಗಿದೆ. 1522ರಲ್ಲಿ ನೋರ್ಚಾದವರಿಗೂ ಬೆಟ್ಟದಾಚೆಯ ವಿಸ್ಸೊದವರಿಗೂ ಮೇವಿನ ಬಯಲಿಗಾಗಿ ಯುದ್ಧ ನಡೆದು ನೋರ್ಚಾ ಸೋತಿತು. ಆ ಕಾಲಕ್ಕೆ ಕುರಿಯೇ ಸಂಪತ್ತು. ಬೇಸಿಗೆಗೆ ಮೇಲೆ, ಚಳಿಗಾಲಕ್ಕೆ ರೋಮ್ ಕಡೆಯ ತಗ್ಗಿನ ಬಯಲಿಗೆ ಮಂದೆ ಇಳಿಯುತ್ತಿತ್ತು. ಜೊತೆಗೆ ಗಂಡಸರೂ ಇಳಿಯುತ್ತಿದ್ದರು.

ಕಲ್ಲುಬಂಡೆ:
ಭೂಕಂಪದ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಕೆಲಸ ಇದೇ ಕ್ಷೇತ್ರದ್ದು.

2016ರಲ್ಲಿ ಆದದ್ದು ಒಂದಲ್ಲ, ಸಾಲು ಸಾಲು. ಆಗಸ್ಟ್ 24ರ ಬೆಳಗಿನ ಜಾವ 6.0 ತೀವ್ರತೆಯದ್ದು. ಅಮಾತ್ರೀಚೆ ಮತ್ತು ಅಕ್ಕಪಕ್ಕದ ಊರುಗಳಲ್ಲಿ 299 ಜನ ಸತ್ತರು. ಅಕ್ಟೋಬರ್ 26ಕ್ಕೆ ಮತ್ತೆ ಎರಡು. ಅಕ್ಟೋಬರ್ 30ರ ಬೆಳಿಗ್ಗೆ 7.40ಕ್ಕೆ 6.5. ಇಟಲಿಯಲ್ಲಿ 1980ರ ಇರ್ಪೀನಿಯಾ ಭೂಕಂಪದ ನಂತರ ಅಷ್ಟು ದೊಡ್ಡದು ಆಗಿರಲಿಲ್ಲ. ಕಾಸ್ತೆಲ್ಲೂಚೊದ ಹೆಚ್ಚಿನ ಮನೆಗಳು, 16ನೇ ಶತಮಾನದ ಚರ್ಚು, ಎಲ್ಲ ಬಿದ್ದದ್ದು ಆವತ್ತು. ಅಷ್ಟರಲ್ಲಿ ಆ ಭಾಗದ ಬಹಳ ಜನ ಹೆದರಿ ಮನೆ ಬಿಟ್ಟಿದ್ದರಿಂದ, ದೊಡ್ಡ ಭೂಕಂಪದಲ್ಲೇ ಜೀವಹಾನಿ ತಪ್ಪಿತು.

ತುಂಗಾತೀರ ಅವರೇ, ಹೋದರೆ ವೆಟ್ಟೋರೆ ಬೆಟ್ಟದ ಪಕ್ಕೆಯನ್ನು ಗಮನಿಸಿ. ಅಡ್ಡಡ್ಡ ಒಂದು ಬಿಳಿ ಗೆರೆ ಕಾಣುತ್ತದೆ. ನೆಲ ಸೀಳಿದ ಜಾಗ ಅದು. ಕೆಲವು ಕಡೆ ಕೆಳಗಿನ ಭಾಗ ಎರಡು ಮೀಟರ್‌ನಷ್ಟು ಜಾರಿದೆ. ಗೆರೆ ಮೊದಲೂ ಇತ್ತು, ಅಂದರೆ ಹಿಂದೆಯೂ ಹೀಗೇ ಜಾರಿದೆ. ಬಯಲಿನ ಕಡೆ ನೆಲ ಸುಮಾರು 70 ಸೆಂ.ಮೀ. ಕುಸಿದಿದ್ದನ್ನು ಉಪಗ್ರಹದ ರೇಡಾರ್‌ನಿಂದ ಅಳೆದಿದ್ದಾರೆ. ನೀವು ನೋಡುವ ಆ ಚಂದದ ಬಯಲು ಆಗಿರುವುದೇ ಇಂಥ ಕುಸಿತಗಳಿಂದ, ಲಕ್ಷಾಂತರ ವರ್ಷ ಒಂದರ ಮೇಲೊಂದು.

ನೋರ್ಚಾದ್ದು ಇನ್ನೊಂದು ಪಾಠ. 1859ರ ಭೂಕಂಪದ ನಂತರ, ಆಗ ಆಳುತ್ತಿದ್ದ ಪೋಪ್ ಸರ್ಕಾರ ಅಲ್ಲಿ ಕಟ್ಟಡ ನಿಯಮ ತಂದಿತು. ಮನೆ ಎರಡಂತಸ್ತು ಮೀರಬಾರದು, ಗೋಡೆ ಇಂತಿಷ್ಟು ದಪ್ಪ ಇರಬೇಕು ಅಂತ. 1979 ಮತ್ತು 1997ರ ಭೂಕಂಪಗಳ ಮೇಲೆ ಮತ್ತೆ ಗಟ್ಟಿ ಮಾಡಿದರು. ಆಗಸ್ಟ್ 2016ರಲ್ಲಿ ಅಮಾತ್ರೀಚೆ ನೆಲಸಮವಾದಾಗ ನೋರ್ಚಾದಲ್ಲಿ ಒಬ್ಬರೂ ಸಾಯಲಿಲ್ಲ. ಅಕ್ಟೋಬರ್‌ನಲ್ಲಿ ಸಂತ ಬೆನೆಡಿಕ್ಟ್ ಬೆಸಿಲಿಕಾ ಮುಂಭಾಗದ ಗೋಡೆ ಒಂದು ಬಿಟ್ಟು ಉರುಳಿತು ನಿಜ, ಆದರೆ ಸಾಮಾನ್ಯ ಮನೆಗಳು ಜನರನ್ನು ಉಳಿಸಿದವು.

ನೇರಮಾತು:
ಎಲ್ಲ ಸರಿ. ಒಂದು ಪ್ರಶ್ನೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಭೂಕಂಪಕ್ಕೆ ಮುಂಚೆಯೂ ಚಳಿಗಾಲದಲ್ಲಿ ಆ ಊರಲ್ಲಿ ಬೆರಳೆಣಿಕೆಯ ಜನ ಇರುತ್ತಿದ್ದರು. ನೆಲದಡಿ ಬಿರುಕು ಇದೆ ಅಂತ ಗೊತ್ತು. ಮತ್ತೆ ಅದೇ ಗುಡ್ಡದ ತುದಿಯಲ್ಲಿ ಜನರ ತೆರಿಗೆ ದುಡ್ಡು ಸುರಿದು ಊರು ಕಟ್ಟಬೇಕಾ? ಅಷ್ಟು ಮಂದಿಗೂ ನೋರ್ಚಾದಲ್ಲಿ ಮನೆ ಕೊಟ್ಟರೆ ಆಗಲ್ವಾ? ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ. ಇದು ಸುಮ್ನೆ ಪ್ರವಾಸಿಗಳಿಗಾಗಿ ಕಟ್ಟುವ ಸೆಟ್ ಅಂತ ನನಗನ್ನಿಸುತ್ತದೆ.

ಕಲ್ಲುಬಂಡೆ:
ನ್ಯಾಯವಾದ ಪ್ರಶ್ನೆ. ಗುಡ್ಡದ ತುದಿಯಲ್ಲಿ ಅಲುಗಾಟ ಜಾಸ್ತಿ ಆಗುತ್ತದೆ, ಅದು ಗೊತ್ತಿರುವ ವಿಷಯ. ಹಾಗಾಗಿ ಇಲ್ಲಿನ ಯೋಜನೆಯಲ್ಲಿ ದೊಡ್ಡ ದೊಡ್ಡ ಕಾಂಕ್ರೀಟ್ ಹಾಸು ಹಾಕಿ, ಅದನ್ನು ಅಲುಗಾಟ ತಡೆಯುವ ಐಸೊಲೇಟರ್‌ಗಳ ಮೇಲೆ ಕೂರಿಸಿ, ಅದರ ಮೇಲೆ ಮನೆಗಳ ಗುಂಪು ಕಟ್ಟುವ ವಿಚಾರ ಇದೆ. ನೆಲ ಅಲುಗಿದರೂ ಹಾಸು ಮೆಲ್ಲಗೆ ತೂಗುತ್ತದೆ. ಒಂದೊಂದು ಕಟ್ಟಡಕ್ಕೆ ಹೀಗೆ ಮಾಡುವುದು ಹೊಸದಲ್ಲ. ಹಳ್ಳಿಗೆ ಹಳ್ಳಿಯನ್ನೇ ಹೀಗೆ ಕೂರಿಸುವುದು ಅಪರೂಪ. ಖರ್ಚು ಜಾಸ್ತಿ, ಒಪ್ಪುತ್ತೇನೆ.

ಊರು ಬೇರೆ ಕಡೆ ಎತ್ತಿಟ್ಟದ್ದೂ ಇಟಲಿಯಲ್ಲೇ ಇದೆ. 1968ರ ಬೆಲಿಚೆ ಭೂಕಂಪದಲ್ಲಿ ಸಿಸಿಲಿಯ ಜಿಬೆಲ್ಲೀನಾ ಹಾಳಾಯಿತು. ದೂರದಲ್ಲಿ ಹೊಸ ಊರು ಕಟ್ಟಿದರು. ಅಗಲ ರಸ್ತೆ, ಹೆಸರಾಂತ ಕಲಾವಿದರ ಶಿಲ್ಪ, ಎಲ್ಲ ಇದೆ. ಹಳೆ ಊರಿನ ಅವಶೇಷದ ಮೇಲೆ ಕಲಾವಿದ ಆಲ್ಬೆರ್ತೊ ಬುರ್ರಿ ಬಿಳಿ ಕಾಂಕ್ರೀಟ್ ಹೊದಿಸಿದರು, ಬೀದಿಗಳಿದ್ದ ಕಡೆ ನಡೆಯಲು ಸೀಳು ಬಿಟ್ಟು. ನೋಡಲು ಜನ ಹೋಗುತ್ತಾರೆ. ಅದಾದ ಮೇಲೆ "ಇದ್ದ ಹಾಗೆ, ಇದ್ದ ಜಾಗದಲ್ಲೇ" ಅನ್ನುವ ಕೂಗು ಆ ದೇಶದಲ್ಲಿ ಯಾಕೆ ಇಷ್ಟು ಗಟ್ಟಿ ಅಂತ ನನಗೆ ಅರ್ಥವಾಗುತ್ತದೆ.

ಉಂಬ್ರಿಯಾವಾಸಿ:
ನೇರಮಾತು ಅವರೇ, ಹೊಲ ಓಡಿಹೋಗುವುದಿಲ್ಲ ಅಂದಿರಿ. ಹೊಲ ಓಡುವುದಿಲ್ಲ, ಹೊಲ ಮಾಡುವವರು ಓಡುತ್ತಾರೆ. ಅಕ್ಟೋಬರ್‌ನಲ್ಲಿ ಊರು ಬಿತ್ತು. ರಸ್ತೆ ಮುರಿದು ಮುಚ್ಚಿತ್ತು. 2017ರ ವಸಂತದಲ್ಲಿ ಆ ರೈತರು ಮೊದಲು ಕೇಳಿದ್ದು ಮನೆಯನ್ನಲ್ಲ, ಮೇಲೆ ಹೋಗಿ ಬಿತ್ತೋಕೆ ಬಿಡಿ ಅಂತ. ಕೊನೆಗೆ ಟ್ರ್ಯಾಕ್ಟರುಗಳೆಲ್ಲ ಸಾಲಾಗಿ, ಬೆಂಗಾವಲಿನಲ್ಲಿ ಹತ್ತಿದವು. ಒಂದು ವರ್ಷ ಉಳುಮೆ ತಪ್ಪಿದರೆ ಕಾಳೂ ಇಲ್ಲ, ನೀವೆಲ್ಲ ಫೋಟೊ ತೆಗೆಯುವ ಕಳೆಯೂ ಇಲ್ಲ. ಉಳದೆ ಬಿಟ್ಟ ನೆಲದಲ್ಲಿ ಪಾಪಿ ಹೂವು ಹಾಗೆ ಬರುವುದಿಲ್ಲ, ಅದಕ್ಕೆ ಮಗುಚಿದ ಮಣ್ಣೇ ಬೇಕು. ಹುಲ್ಲು ಆವರಿಸಿಕೊಳ್ಳುತ್ತದೆ.

ಸೆಟ್ ಅನ್ನುವ ನಿಮ್ಮ ಮಾತು ಪೂರ್ತಿ ಸುಳ್ಳು ಅನ್ನುವುದಿಲ್ಲ. ಊರ ಕೆಳಗೆ ಹೋಟೆಲುಗಳಿಗೆ ಅಂತ ಒಂದು ಕಟ್ಟಡ ಕಟ್ಟಿದ್ದಾರೆ. ಹ್ಯಾಂಗ್‌ಗ್ಲೈಡರ್ ಆಕಾರ, ಹಾಗಾಗಿ ದೆಲ್ತಾಪ್ಲಾನೊ ಅಂತ ಕರೆಯುತ್ತಾರೆ. 2018ರಲ್ಲಿ ತೆರೆಯಿತು. ಮನೆಗಿಂತ ಮುಂಚೆ ಹೋಟೆಲು ಎದ್ದಿತು ಅಂತ ಬಯ್ದವರೂ ಇದ್ದಾರೆ, ರಾಷ್ಟ್ರೀಯ ಉದ್ಯಾನದೊಳಗೆ ಮಾಲ್ ಕಟ್ಟಿದಿರಿ ಅಂದ ಪರಿಸರದವರೂ ಇದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಕಟ್ಟಡ ನೋಡಲು ಚೆನ್ನಾಗಿಲ್ಲ. ಆದರೆ ಆ ಬೇಸಿಗೆಗಳಲ್ಲಿ ಅಡುಗೆ ಮಾಡಿ ಬಡಿಸಿ ಬದುಕಿದವರು ಊರಿನವರೇ. ಅದು ಇಲ್ಲದಿದ್ದರೆ ಅವರು ರೋಮ್‌ನಲ್ಲಿ ಕೆಲಸ ಹುಡುಕುತ್ತಿದ್ದರು, ವಾಪಸ್ ಬರುತ್ತಿರಲಿಲ್ಲ.

ಊರು ಅಂದರೆ ಬರೀ ಗೋಡೆ ಅಲ್ಲ ಅಂತ ಹೇಳುವವರಿದ್ದಾರೆ. ಈ ಊರಿನಲ್ಲಿ ಗೋಡೆಯೂ ಮುಖ್ಯವೇ. ರಾತ್ರೋರಾತ್ರಿ ಯಾರೋ ಸುಣ್ಣ ಕಲಸಿಕೊಂಡು ಬಂದು, ಊರಿನವರನ್ನು ಗೇಲಿ ಮಾಡುವ ಸಾಲುಗಳನ್ನು ಮನೆಗೋಡೆಯ ಮೇಲೆ ದೊಡ್ಡದಾಗಿ ಬರೆಯುವ ಪದ್ಧತಿ ಅಲ್ಲಿತ್ತು. ಯಾರ ಪ್ರೇಮ, ಯಾರ ಜಿಪುಣತನ, ಎಲ್ಲ ಬೆಳಗಾಗುವಷ್ಟರಲ್ಲಿ ಗೋಡೆ ಮೇಲೆ! ಬರೆದವರು ಯಾರು ಅಂತ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಆ ಗೋಡೆಗಳು ಕಲ್ಲುರಾಶಿಯಾಗಿ ಹೋದವು.

ದೋಸೆಬಂಡಿ:
ಮಾರಾಯ್ರೇ, ಇಟಲಿಯ ಬೆಟ್ಟದ ಊರುಗಳಲ್ಲಿ ಇರೋಕೆ ಹೋದರೆ ಸರ್ಕಾರವೇ ದುಡ್ಡು ಕೊಡುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದಲ್ಲ, ಅದು ಇದೇ ಊರಾ? ಲ್ಯಾಪ್‌ಟಾಪ್ ಹಿಡಿದು ಹೊರಟೇಬಿಡೋಣ ಅಂತಿದ್ದೆ.

ಉಂಬ್ರಿಯಾವಾಸಿ:
ಇದಲ್ಲ ಮಾರಾಯ್ರೇ. ನೀವು ನೋಡಿದ್ದು ಬಹುಶಃ ಅಬ್ರುತ್ಸೊದ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ. ಅದೂ ಬೆಟ್ಟದ ಊರು, ಅಲ್ಲೂ ಚನ್ನಂಗಿ ಬೆಳೆಯುತ್ತಾರೆ. 2020ರಲ್ಲಿ 40 ವರ್ಷದೊಳಗಿನವರಿಗೆ ಮೂರು ವರ್ಷ, ವರ್ಷಕ್ಕೆ 8,000 ಯೂರೋವರೆಗೆ ಕೊಡುತ್ತೇವೆ ಅಂತ ಕರೆದಿದ್ದರು. ಅಂಗಡಿಯೋ ಗೈಡ್ ಕೆಲಸವೋ ಏನಾದರೂ ಶುರು ಮಾಡಬೇಕು. ಅದಕ್ಕೂ ಇಟಲಿಯ ಅಥವಾ ಯುರೋಪ್ ಒಕ್ಕೂಟದ ಪೌರತ್ವ, ಇಲ್ಲವೇ ಅವಧಿಯ ಮಿತಿ ಇಲ್ಲದ ವಾಸದ ಪರವಾನಗಿ ಬೇಕಿತ್ತು. ಬೆಂಗಳೂರಿನಿಂದ ನೇರ ಹೋಗಿ ಕೂರುವ ಸ್ಕೀಮ್ ಅಲ್ಲ. ಇಟಲಿಯ ಹೊಲಗಳಲ್ಲಿ ಭಾರತದವರು ಬೇಕಾದಷ್ಟಿದ್ದಾರೆ, ಆದರೆ ಹೆಚ್ಚಿನವರು ಪಂಜಾಬಿಗಳು. ಲಾತೀನಾ ಕಡೆಯ ತರಕಾರಿ ತೋಟ, ಪೋ ನದಿ ಬಯಲಿನ ಡೇರಿ, ಅಲ್ಲಿ. ಈ ಬೆಟ್ಟದ ಮೇಲಲ್ಲ.

ಕಾಸ್ತೆಲ್ಲೂಚೊದಲ್ಲಿ ಜನವರಿಯಲ್ಲಿ ಒಂದು ವಾರ ಇದ್ದು ನೋಡಿ, ಆಮೇಲೆ ಮಾತಾಡೋಣ. ತಣ್ಣನೆ ಗಾಳಿ ಇಳಿದು ಬಯಲಲ್ಲೇ ನಿಲ್ಲುತ್ತದೆ. ಕೆಳಗೆ ಮೈನಸ್ 20ಕ್ಕಿಂತಲೂ ಇಳಿಯುವುದುಂಟು.

ಹೊಲದಮನೆ:
ನನಗೆ ಉಳಿದ ಪ್ರಶ್ನೆ ಒಂದೇ. ಈಗಿನ ಹುಡುಗರು ಆ ಕಾಳು ಬೆಳೆಯುತ್ತಾರಾ?

ಉಂಬ್ರಿಯಾವಾಸಿ:
ಕೆಲವರು ಬೆಳೆಯುತ್ತಿದ್ದಾರೆ. ಅವರ ಬಿಡಾರ ನೋರ್ಚಾದಲ್ಲಿ. ಬಿತ್ತನೆಗೆ, ಕಟಾವಿಗೆ ಮೇಲೆ ಬರುತ್ತಾರೆ. ಕಾಳಿಗೆ ಬೆಲೆ ಇದೆ, ಹಾಗಾಗಿ ಇದ್ದಾರೆ. ಮೇಲೆ ಮನೆ ಎದ್ದರೆ ಅಲ್ಲಿ ಮಲಗುತ್ತಾರೋ, ಬಾಡಿಗೆಗೆ ಕೊಟ್ಟು ಕೆಳಗೇ ಇರುತ್ತಾರೋ, ಅದು ಇನ್ನೂ ನೋಡಬೇಕು.

ನೇರಮಾತು:
ಬಾಡಿಗೆಗೆ ಕೊಡುತ್ತಾರೆ ಅಂತ ನಾನು ಈಗಲೇ ಬರೆದಿಡುತ್ತೇನೆ.

ಹೊಲದಮನೆ:
ಕೊಟ್ಟರೆ ಕೊಡಲಿ ಸ್ವಾಮಿ. ಬಾಡಿಗೆ ಬಂದರೆ ಟ್ರ್ಯಾಕ್ಟರ್ ಕಂತು ಕಟ್ಟುತ್ತಾರೆ. ನಮ್ಮಲ್ಲಿ ಯಾರು ಬರೀ ಹೊಲ ನಂಬಿಕೊಂಡು ಇದ್ದಾರೆ ಹೇಳಿ?

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಅಂದುಕೊಂಡಿದ್ದನ್ನು ಬುಧವಾರಕ್ಕೆ ಹಾಕಿದೆ, ರಾತ್ರಿ ನೋರ್ಚಾದಲ್ಲಿ ಉಳಿಯುತ್ತೇನೆ. ರಸ್ತೆ ಬಿಟ್ಟು ಹೊಲಕ್ಕೆ ಇಳಿಯುವುದಿಲ್ಲ. ಕಾಳು ಮೇಲೆಯೇ ಕೊಳ್ಳಲಾ, ನೋರ್ಚಾದ ಅಂಗಡಿಯಲ್ಲಾ?

ಒಗ್ಗರಣೆಡಬ್ಬಿ:
ಮೇಲೆಯೇ ಕೊಳ್ಳಿ, ಬೆಳೆದವರ ಹತ್ತಿರ. ಐ.ಜಿ.ಪಿ. ಮುದ್ರೆ, ಯಾವ ವರ್ಷದ ಬೆಳೆ, ಎರಡೂ ನೋಡಿ. ಜೂನ್‌ನಲ್ಲಿ ಸಿಗುವುದು ಹಿಂದಿನ ಆಗಸ್ಟ್‌ನದು, ಅದಕ್ಕಿಂತ ಹಳೆಯದಾದರೆ ಬೇಯಲು ಸತಾಯಿಸುತ್ತದೆ. ಬಟ್ಟೆ ಚೀಲದಲ್ಲಿ ಹಾಕಿ ರಿಬ್ಬನ್ ಕಟ್ಟಿದ್ದು ಬೇಡ, ಚೀಲಕ್ಕೇ ದುಡ್ಡು. ನೀವು ಬೆಂಗಳೂರಿನವರಾದರೆ ನನಗೂ ಅರ್ಧ ಕಿಲೋ, ಹಣ ಇಲ್ಲೇ ಕೊಡುತ್ತೇನೆ.